180 ವೋಲ್ಟಿನ ಮೋಟಾರಿಗೆ 230 ವೋಲ್ಟಿನ ಪ್ಲಗ್ಗು

ಕೆಟ್ಟುಹೋದ ಟ್ರೆಡ್‌ಮಿಲ್ಲಿನಲ್ಲಿ ಕೊನೆಗೂ ಗಟ್ಟಿಯಾಗಿ ಉಳಿಯುವ ವಸ್ತು ಅದರ ಮೋಟಾರು. ಬೆಲ್ಟು ಹರಿದಿರುತ್ತದೆ, ಪರದೆ ಕಣ್ಣು ಮುಚ್ಚಿರುತ್ತದೆ, ಒಳಗಿನ ಬೋರ್ಡು ಸುಟ್ಟಿರುತ್ತದೆ. ಮೋಟಾರು ಮಾತ್ರ ಇನ್ನೂ ಹತ್ತು ವರ್ಷ ದುಡಿದೇನು ಎನ್ನುವಂತೆ ಕೂತಿರುತ್ತದೆ. ಗುಜರಿ ಅಂಗಡಿಯಿಂದ ಅದನ್ನು ತಂದು ಪುಟ್ಟ ಲೇತು, ಡ್ರಿಲ್ಲಿಂಗ್ ಮೆಷಿನ್ನು, ಮಡಕೆ ಮಾಡುವ ತಿಗರಿ ಕಟ್ಟಿಕೊಳ್ಳುವ ಹವ್ಯಾಸಿಗಳು ಬೇಕಾದಷ್ಟು ಜನ ಇದ್ದಾರೆ. ಅವರು ಮೊದಲು ಎಡವುವುದು ಮೋಟಾರಿನ ಮೈಮೇಲಿನ ನೇಮ್ ಪ್ಲೇಟಿನ ಹತ್ತಿರ. ಹಲವು ಮೋಟಾರುಗಳ ಮೇಲೆ 180 ವೋಲ್ಟ್ ಡಿಸಿ ಎಂದು ಬರೆದಿರುತ್ತದೆ. ಗೋಡೆಯ ಪ್ಲಗ್ಗಿನಲ್ಲಿ ಬರುವುದು 230 ವೋಲ್ಟ್ ಎಸಿ. ಬ್ಯಾಟರಿ ಅಂಗಡಿಯಲ್ಲಿ 12, 24, 48 ಎಂದು ಕೇಳಬಹುದೇ ಹೊರತು 180 ಎಂದು ಕೇಳಿದರೆ ಅಂಗಡಿಯವನು ನಗುತ್ತಾನೆ. ಹಾಗಾದರೆ ಈ 180 ಎಲ್ಲಿಂದ ಬಂತು?

ಮೋಟಾರು ತಯಾರಿಸುವವರು ನಮ್ಮ ಗೋಡೆಯನ್ನು ನೋಡಿ, ಲೆಕ್ಕ ಹಾಕಿ ಇಟ್ಟ ಸಂಖ್ಯೆ ಅದು. ಆ ಲೆಕ್ಕವನ್ನು ಬಿಡಿಸಿದರೆ ಎಸಿಯನ್ನು ಡಿಸಿ ಮಾಡಿ ಮೋಟಾರು ಓಡಿಸುವ ವಿದ್ಯೆಯ ಮುಕ್ಕಾಲು ಪಾಲು ಬಿಡಿಸಿದಂತೆ. ಎಲೆಕ್ಟ್ರಾನಿಕ್ಸ್ ಓದಿದ ಹುಡುಗರಿಗೆ ‘ಬ್ರಿಡ್ಜ್ ಹಾಕು, ಕೆಪಾಸಿಟರ್ ಹಾಕು, ಡಿಸಿ ರೆಡಿ’ ಎಂಬ ಸೂತ್ರ ಬಾಯಿಪಾಠವಾಗಿರುತ್ತದೆ. ರೇಡಿಯೋಗೆ ಅದು ಸರಿ. ಮೋಟಾರಿಗೆ ಅದೇ ಸೂತ್ರ ಹಚ್ಚಿದರೆ ಎಡವಟ್ಟು.

ಎಸಿಯನ್ನೇ ಕೊಟ್ಟರೆ ಏನಾಗುತ್ತದೆ?

ಟ್ರೆಡ್‌ಮಿಲ್ಲಿನ ಮೋಟಾರು ಪರ್ಮನೆಂಟ್ ಮ್ಯಾಗ್ನೆಟ್ ಜಾತಿಯದು. ಹೊರಗಿನ ಕವಚದ ಒಳಮೈಗೆ ಅಯಸ್ಕಾಂತಗಳು ಅಂಟಿಕೊಂಡಿರುತ್ತವೆ. ನಡುವೆ ತಾಮ್ರದ ತಂತಿ ಸುತ್ತಿದ ಆರ್ಮೇಚರ್ ತಿರುಗುತ್ತದೆ. ಕಾರ್ಬನ್ ಬ್ರಷ್ಷುಗಳು ಕಮ್ಯುಟೇಟರಿನ ಮೂಲಕ ಕರೆಂಟನ್ನು ಒಳಗೆ ದಾಟಿಸುತ್ತವೆ. ಕರೆಂಟು ಒಂದು ದಿಕ್ಕಿನಲ್ಲಿ ಹರಿದರೆ ಆರ್ಮೇಚರ್ ಬಲಕ್ಕೆ, ಅದರ ಎದುರು ದಿಕ್ಕಿನಲ್ಲಿ ಹರಿದರೆ ಎಡಕ್ಕೆ. ನಮ್ಮ ಎಸಿ ಸೆಕೆಂಡಿಗೆ 50 ಆವರ್ತನದ್ದು, ಅಂದರೆ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ. ಅದನ್ನು ನೇರವಾಗಿ ಕೊಟ್ಟರೆ ಆರ್ಮೇಚರ್ ಬಲಕ್ಕೊಮ್ಮೆ ಎಡಕ್ಕೊಮ್ಮೆ ಎಳೆಸಿಕೊಂಡು ನಿಂತಲ್ಲೇ ಗುಂಯ್‌ಗುಡುತ್ತದೆ, ಕೆಲವು ಕ್ಷಣಗಳಲ್ಲಿ ಬಿಸಿಯೇರಿ ಹೊಗೆಯಾಡುತ್ತದೆ.

ಮಿಕ್ಸಿಯಲ್ಲೂ ಬ್ರಷ್ಷು, ಕಮ್ಯುಟೇಟರ್ ಇವೆಯಲ್ಲ, ಅದು ಹೇಗೆ ಎಸಿಯಲ್ಲಿ ಓಡುತ್ತದೆ ಎಂಬ ಪ್ರಶ್ನೆ ಸಹಜ. ಮಿಕ್ಸಿಯೊಳಗೆ ಶಾಶ್ವತ ಅಯಸ್ಕಾಂತವಿಲ್ಲ. ಅಲ್ಲಿ ಹೊರಗಿನ ಫೀಲ್ಡ್ ಕೂಡ ತಾಮ್ರದ ಸುರುಳಿಯೇ, ಆರ್ಮೇಚರಿನ ಜತೆ ಸೀರೀಸಿನಲ್ಲಿ ಸೇರಿಕೊಂಡಿದೆ. ಕರೆಂಟು ದಿಕ್ಕು ಬದಲಿಸಿದಾಗ ಎರಡೂ ಒಟ್ಟಿಗೆ ಬದಲಾಗುತ್ತವೆ. ಆದ್ದರಿಂದ ಎಳೆತದ ದಿಕ್ಕು ಹಾಗೇ ಉಳಿಯುತ್ತದೆ. ಎಸಿ, ಡಿಸಿ ಎರಡರಲ್ಲೂ ಓಡುವುದರಿಂದ ಅದಕ್ಕೆ ಯೂನಿವರ್ಸಲ್ ಮೋಟಾರು ಎಂಬ ಹೆಸರು. ಹೊಲದ ಪಂಪ್‌ಸೆಟ್ಟು, ಹಳೆಯ ಸೀಲಿಂಗ್ ಫ್ಯಾನು, ಹಿಟ್ಟಿನ ಗಿರಣಿಯ ಮೋಟಾರು ಮೂರನೆಯ ಜಾತಿ: ಇಂಡಕ್ಷನ್ ಮೋಟಾರು. ಅವು ತಿರುಗುವುದೇ ಎಸಿಯ ಏರಿಳಿತದಿಂದ. ಅವಕ್ಕೆ ಡಿಸಿ ಕೊಟ್ಟರೆ ತಿರುಗುವ ಕಾಂತಕ್ಷೇತ್ರವೇ ಹುಟ್ಟುವುದಿಲ್ಲ. ಕರೆಂಟನ್ನು ತಡೆಯಲು ತಂತಿಯ ಅಲ್ಪ ರೋಧ ಮಾತ್ರ ಉಳಿದು ವೈಂಡಿಂಗ್ ಸುಡುತ್ತದೆ. ಆದ್ದರಿಂದ ಡಿಸಿ ಮಾಡುವ ಮೊದಲು ಕೈಯಲ್ಲಿರುವ ಮೋಟಾರು ಯಾವ ಜಾತಿಯದೆಂದು ತಿಳಿದುಕೊಳ್ಳಬೇಕು. ಬರೀ ಎರಡು ವೈರು, ಬ್ರಷ್ಷು, ಕೈಯಲ್ಲಿ ತಿರುಗಿಸಿದರೆ ಅಲ್ಲಲ್ಲಿ ಕಚ್ಚಿದಂತೆ ಅನುಭವ: ಇವು ಮೂರೂ ಇದ್ದರೆ ಬಹುತೇಕ ಅದು ಪರ್ಮನೆಂಟ್ ಮ್ಯಾಗ್ನೆಟ್ ಡಿಸಿ ಮೋಟಾರೇ.

ದೂರಕ್ಕೆ ಎಸಿ, ಎಳೆತಕ್ಕೆ ಡಿಸಿ

ಗೋಡೆಯಲ್ಲಿ ಡಿಸಿಯೇ ಬಂದಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ. ಬಾರದಿರಲು ಕಾರಣ ದೂರ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೊರಟಾಗ ನಡುವೆ ಇದ್ದದ್ದು ಸುಮಾರು 147 ಕಿಲೋಮೀಟರ್ ತಂತಿ. ಅಷ್ಟು ದೂರ ಹೆಚ್ಚು ನಷ್ಟವಿಲ್ಲದೆ ಸಾಗಿಸಬೇಕಾದರೆ ವೋಲ್ಟೇಜನ್ನು ಸಾವಿರಾರಕ್ಕೆ ಏರಿಸಿ, ಅತ್ತ ಮತ್ತೆ ಇಳಿಸಬೇಕು. ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್ ಎಸಿಗೆ ಮಾತ್ರ ಒಲಿಯುತ್ತದೆ. ಆ ಕಾಲಕ್ಕೆ ಡಿಸಿಯಲ್ಲಿ ಆ ಅನುಕೂಲವಿರಲಿಲ್ಲ. ಹೀಗೆ ಜಗತ್ತಿನ ತಂತಿಗಳಲ್ಲಿ ಬಹುಪಾಲು ಎಸಿಯ ಪಾಲಾದವು.

ಆದರೆ ವೇಗವನ್ನು ಬೇಕಾದಂತೆ ಏರಿಸಿ ಇಳಿಸುವ, ನಿಂತಲ್ಲಿಂದಲೇ ಪೂರ್ತಿ ಬಲದಿಂದ ಎಳೆಯುವ ಗುಣ ಇದ್ದದ್ದು ಡಿಸಿ ಮೋಟಾರಿಗೆ. ಲಿಫ್ಟು, ಗಣಿಯ ತೊಟ್ಟಿಲು, ರೈಲು, ಉಕ್ಕಿನ ಗಿರಣಿ ಎಲ್ಲಕ್ಕೂ ಅದೇ ಬೇಕಿತ್ತು. ಅಮೆರಿಕದ ಹ್ಯಾರಿ ವಾರ್ಡ್ ಲಿಯೊನಾರ್ಡ್ 1891ರಲ್ಲಿ ಕಂಡುಕೊಂಡ ದಾರಿ ಈಗ ನೋಡಿದರೆ ಸುತ್ತುಬಳಸಿನದು. ಒಂದು ಮೋಟಾರಿನಿಂದ ಡಿಸಿ ಜನರೇಟರನ್ನು ತಿರುಗಿಸುವುದು, ಜನರೇಟರಿನ ಫೀಲ್ಡನ್ನು ಹೆಚ್ಚುಕಡಿಮೆ ಮಾಡಿ ಅದು ಕೊಡುವ ವೋಲ್ಟೇಜನ್ನು ಹದಗೊಳಿಸುವುದು, ಅದರಿಂದ ಕೆಲಸದ ಡಿಸಿ ಮೋಟಾರನ್ನು ಓಡಿಸುವುದು. ಒಂದು ಕೆಲಸಕ್ಕೆ ಮೂರು ಯಂತ್ರ. ದಶಕಗಳ ಕಾಲ ಲಿಫ್ಟುಗಳೂ ಉಕ್ಕಿನ ಕಾರ್ಖಾನೆಗಳೂ ಇದನ್ನೇ ನೆಚ್ಚಿಕೊಂಡಿದ್ದವು. ನಡುವೆ ಪಾದರಸದ ಆವಿಯ ರೆಕ್ಟಿಫೈಯರುಗಳು ಬಂದವು. ಆಮೇಲೆ ಸಿಲಿಕಾನ್ ಡಯೋಡ್ ಬಂದು ಆ ಮೂರರಲ್ಲಿ ಮೊದಲ ಎರಡು ಯಂತ್ರಗಳ ಜಾಗವನ್ನು ಬೆಂಕಿಪೊಟ್ಟಣದಷ್ಟು ತುಂಡಿಗೆ ಇಳಿಸಿತು.

ನಾಲ್ಕು ಡಯೋಡುಗಳನ್ನು ಚೌಕವಾಗಿ ಜೋಡಿಸುವ ಬ್ರಿಡ್ಜ್ ಎಂಬ ಉಪಾಯ ಮಾತ್ರ ಸಿಲಿಕಾನಿಗಿಂತ ಹಳೆಯದು. ಅದನ್ನು ಮೊದಲು ಪೇಟೆಂಟ್ ಮಾಡಿದವನು ಕರೋಲ್ ಪೊಲ್ಲಾಕ್, 1895–96ರ ಹೊತ್ತಿಗೆ. 1897ರಲ್ಲಿ ಲಿಯೋ ಗ್ರೇಟ್ಸ್ ಅದನ್ನು ತಾನಾಗಿ ಕಂಡುಕೊಂಡು ಪ್ರಕಟಿಸಿದ. ಜಗತ್ತು ಅವನ ಹೆಸರನ್ನೇ ಇಟ್ಟುಕೊಂಡಿತು. ಎಸಿಯ ಮೇಲಿನ ಅರ್ಧ ಅಲೆ ಬಂದಾಗ ಎರಡು ಡಯೋಡುಗಳು, ಕೆಳಗಿನ ಅರ್ಧ ಅಲೆ ಬಂದಾಗ ಇನ್ನೆರಡು ದಾರಿ ಬಿಡುತ್ತವೆ. ಹೊರಬರುವ ಕರೆಂಟು ಯಾವಾಗಲೂ ಒಂದೇ ದಿಕ್ಕಿನದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ 35 ಆಂಪಿನ ಲೋಹದ ಬ್ರಿಡ್ಜ್ ಒಂದು ಊಟದ ದುಡ್ಡಿಗೆ ಸಿಗುತ್ತದೆ. ಡಿಸಿ ಮಾಡುವ ಕೆಲಸ ಅಷ್ಟು ಅಗ್ಗವಾಗಿದೆ. ತೊಡಕು ಶುರುವಾಗುವುದು ಆಮೇಲೆ.

230, 325, 207

ಪ್ಲಗ್ಗಿನ 230 ಎಂಬುದು ಆ ಅಲೆಯ ಎತ್ತರವಲ್ಲ. ಒಂದು ಹೀಟರನ್ನು ಅಷ್ಟೇ ಬಿಸಿ ಮಾಡಬಲ್ಲ ಡಿಸಿ ಎಷ್ಟೋ ಅದನ್ನು 230 ಎಂದು ಕರೆದಿದ್ದೇವೆ. ಅಲೆ ನಿಜಕ್ಕೂ ಸೊನ್ನೆಯಿಂದ ಎದ್ದು 230ರ 1.414 ಪಟ್ಟು, ಅಂದರೆ ಸುಮಾರು 325 ವೋಲ್ಟನ್ನು ಮುಟ್ಟಿ ಇಳಿಯುತ್ತದೆ. ಬ್ರಿಡ್ಜ್ ದಾಟಿ ಬಂದ ಗುಡ್ಡಗಳ ಸಾಲಿನ ಸರಾಸರಿ ತೆಗೆದರೆ 230ರ 0.9 ಪಾಲು, ಅಂದರೆ 207 ವೋಲ್ಟ್. ಒಂದೇ ಪ್ಲಗ್ಗು, ಮೂರು ಸಂಖ್ಯೆ. ಹೀಟರಿಗೆ ಲೆಕ್ಕಕ್ಕೆ ಬರುವುದು 230, ಕೆಪಾಸಿಟರಿಗೆ 325, ಕರೆಂಟು ಕಡಿಯದೆ ಹರಿಯುವ ಡಿಸಿ ಮೋಟಾರಿಗೆ 207. ಆ ಮೋಟಾರಿನ ವೇಗವನ್ನು ನಿರ್ಧರಿಸುವುದು ಸರಾಸರಿ ವೋಲ್ಟೇಜು.

ಈಗ 180ಕ್ಕೆ ಬರೋಣ. ಸರಬರಾಜು ಯಾವಾಗಲೂ 230 ಇರುವುದಿಲ್ಲ, ಶೇ. 10ರಷ್ಟು ಹೆಚ್ಚುಕಡಿಮೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ಆಗ ಕೆಳಗಿನ ಮಿತಿ 207 ವೋಲ್ಟ್ ಎಸಿ. ಅದರ 0.9 ಪಾಲು 186. ಡಯೋಡುಗಳು, ವೇಗ ನಿಯಂತ್ರಣದ ಬಿಡಿಭಾಗಗಳು ಸೇರಿ ಎರಡು ಮೂರು ವೋಲ್ಟ್ ನುಂಗುತ್ತವೆ. ಉಳಿಯುವುದು 180ಕ್ಕಿಂತ ತುಸು ಮೇಲೆ. ಎಂದರೆ ಕರೆಂಟು ಇಳಿದ ಹೊತ್ತಿನಲ್ಲೂ ಈ ಮೋಟಾರು ತನ್ನ ಪೂರ್ತಿ ವೇಗ ಮುಟ್ಟಬಲ್ಲದು; ಕರೆಂಟು ಚೆನ್ನಾಗಿದ್ದಾಗ ನಿಯಂತ್ರಣಕ್ಕೆ ಸ್ವಲ್ಪ ಜಾಗ ಉಳಿಯುತ್ತದೆ. ಇದೇ ಲೆಕ್ಕ ಅಮೆರಿಕದಲ್ಲೂ ನಡೆಯುತ್ತದೆ. ಅಲ್ಲಿನ 115 ವೋಲ್ಟಿನ ಪ್ಲಗ್ಗಿಗೆ ಹೊಂದುವ ಇದೇ ಜಾತಿಯ ಮೋಟಾರಿನ ಮೇಲೆ ಬರೆದಿರುವುದು 90 ವೋಲ್ಟ್, ಸರಿಯಾಗಿ ಅರ್ಧ. ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಹೊರದೇಶದ ಯಂತ್ರಗಳೂ ಬರುವುದರಿಂದ 90 ಎಂದಿರುವುದನ್ನು ಕಂಡರೆ ಅದನ್ನು ನಮ್ಮ ಪ್ಲಗ್ಗಿಗೆ ಹಚ್ಚಬಾರದೆಂಬ ಎಚ್ಚರ ಇರಲಿ.

ಕೆಪಾಸಿಟರ್ ಹಾಕುವ ಆಸೆ

ಬ್ರಿಡ್ಜಿನಿಂದ ಬಂದದ್ದು ಗುಡ್ಡದ ಸಾಲಿನಂಥ ಡಿಸಿ. ಅದನ್ನು ನಯ ಮಾಡೋಣವೆಂದು ಒಂದು ದೊಡ್ಡ ಕೆಪಾಸಿಟರನ್ನು ಅಡ್ಡ ಹಾಕಬೇಕೆನಿಸುತ್ತದೆ. ಹಾಕಿದೊಡನೆ ಕೆಪಾಸಿಟರ್ ಅಲೆಯ ತುದಿಯವರೆಗೆ ತುಂಬಿಕೊಂಡು ಅಲ್ಲೇ ನಿಲ್ಲಲು ನೋಡುತ್ತದೆ. ಮೋಟಾರಿನ ಮುಂದೆ ಈಗ 207ರ ಬದಲು 325ರ ಹತ್ತಿರದ ವೋಲ್ಟೇಜು. 180ಕ್ಕೆ ಮಾಡಿದ ಮೋಟಾರು 1.8 ಪಟ್ಟು ವೇಗದತ್ತ ಓಡುತ್ತದೆ. ಟ್ರೆಡ್‌ಮಿಲ್ಲಿನ ಮೋಟಾರು ಮೊದಲೇ ನಿಮಿಷಕ್ಕೆ ಮೂರು ನಾಲ್ಕು ಸಾವಿರ ಸುತ್ತು ಹಾಕುವಂಥದ್ದು, ತುದಿಯಲ್ಲಿ ಭಾರದ ಫ್ಲೈವೀಲ್ ಬೇರೆ ಹೊತ್ತಿರುತ್ತದೆ. ಆ ವೇಗಕ್ಕೆ ಕಮ್ಯುಟೇಟರಿನಲ್ಲಿ ಕಿಡಿ ಹಾರುತ್ತದೆ, ಆರ್ಮೇಚರಿನ ತಂತಿ ಹೊರಕ್ಕೆ ಎಳೆಸಿಕೊಳ್ಳುತ್ತದೆ.

ಪ್ಲಗ್ಗು ಕಿತ್ತ ಮೇಲೂ ಕೆಪಾಸಿಟರ್ ಸುಮ್ಮನಾಗುವುದಿಲ್ಲ. 470 ಮೈಕ್ರೋಫ್ಯಾರಡಿನ ಒಂದು ಡಬ್ಬಿ 325 ವೋಲ್ಟಿನಲ್ಲಿ ಸುಮಾರು 25 ಜೌಲ್ ಶಕ್ತಿಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಆರಿಸಿದ್ದೇನಲ್ಲ ಎಂದು ಕೈಯಿಟ್ಟವರಿಗೆ ಬಡಿಯುವುದು ಅದೇ. ಅಡ್ಡಲಾಗಿ ಒಂದು ರೋಧಕ ಹಾಕಿ ಅದು ತಾನಾಗಿ ಖಾಲಿಯಾಗುವಂತೆ ಮಾಡದಿದ್ದರೆ ಅಂಥ ಬೋರ್ಡನ್ನು ಮುಟ್ಟಬಾರದು.

ಹಾಗಾದರೆ ಗುಡ್ಡದ ಸಾಲಿನ ಡಿಸಿಯಲ್ಲಿ ಮೋಟಾರು ಕುಲುಕುವುದಿಲ್ಲವೇ? ಸೆಕೆಂಡಿಗೆ ನೂರು ಗುಡ್ಡ ಬಂದರೂ ತಿರುಗುವ ಲೋಹದ ತೂಕವೇ ವೇಗವನ್ನು ಸಮ ಮಾಡಿಬಿಡುತ್ತದೆ. ಕರೆಂಟಿನ ಏರಿಳಿತವನ್ನು ಆರ್ಮೇಚರಿನ ಸುರುಳಿ ಒಂದಿಷ್ಟು ಹಿಡಿದಿಡುತ್ತದೆ, ಏಕೆಂದರೆ ಯಾವ ಸುರುಳಿಯೂ ಕರೆಂಟು ತಟ್ಟನೆ ಬದಲಾಗುವುದನ್ನು ಒಪ್ಪುವುದಿಲ್ಲ. ಅದೂ ಸಾಲದಿದ್ದಾಗ ಇಂಜಿನಿಯರರು ಕೆಪಾಸಿಟರಿನ ಬದಲು ಇನ್ನೊಂದು ಸುರುಳಿಯನ್ನು, ಅಂದರೆ ಚೋಕನ್ನು, ಮೋಟಾರಿನ ಜತೆ ಸೀರೀಸಿನಲ್ಲಿ ಹಾಕುತ್ತಾರೆ. ಚೋಕ್ ವೋಲ್ಟೇಜಿನ ಸರಾಸರಿಯನ್ನು ಏರಿಸುವುದಿಲ್ಲ. ಕರೆಂಟನ್ನು ನಯ ಮಾಡುತ್ತದೆ.

ಇದರ ದೊಡ್ಡ ರೂಪ ನಮ್ಮ ರೈಲುಗಳಲ್ಲಿದೆ. ಚಿತ್ತರಂಜನ್ ಕಾರ್ಖಾನೆಯಲ್ಲಿ ತಯಾರಾದ ಡಬ್ಲ್ಯುಎಪಿ-4 ಎಂಜಿನ್ನು 5,000 ಅಶ್ವಶಕ್ತಿಯದು. ಮೇಲಿನ ತಂತಿಯಿಂದ 25,000 ವೋಲ್ಟ್ ಎಸಿಯನ್ನು ಎಳೆದುಕೊಂಡು, ಒಳಗಿನ ಟ್ರಾನ್ಸ್‌ಫಾರ್ಮರಿನಲ್ಲಿ ಇಳಿಸಿ, ಸಿಲಿಕಾನ್ ರೆಕ್ಟಿಫೈಯರಿನಲ್ಲಿ ಡಿಸಿ ಮಾಡಿ ಆರು ಡಿಸಿ ಮೋಟಾರುಗಳಿಗೆ ಕೊಡುತ್ತದೆ. ವೇಗ ಹೆಚ್ಚಿಸಲು ಟ್ರಾನ್ಸ್‌ಫಾರ್ಮರಿನ ಟ್ಯಾಪುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಬದಲಿಸುವ ಏರ್ಪಾಡಿದೆ. ರೆಕ್ಟಿಫೈಯರಿಗೂ ಮೋಟಾರಿಗೂ ನಡುವೆ ಕೂತಿರುವುದು ಸ್ಮೂದಿಂಗ್ ರಿಯಾಕ್ಟರ್, ಅಂದರೆ ಭಾರೀ ಗಾತ್ರದ ಚೋಕು. ಗುಜರಿ ಮೋಟಾರಿಗೆ ಯಾವುದು ಸರಿಯೋ ಎಕ್ಸ್‌ಪ್ರೆಸ್ ರೈಲಿಗೂ ಅದೇ ಸರಿ.

ಚೋಕ್ ಇಲ್ಲದಿದ್ದರೆ ನಷ್ಟವೇನು ಎಂದರೆ ಬಿಸಿ. ಮೋಟಾರಿನ ಎಳೆತಕ್ಕೆ ಲೆಕ್ಕ ಕರೆಂಟಿನ ಸರಾಸರಿ. ತಾಮ್ರದ ಬಿಸಿಗೆ ಲೆಕ್ಕ ಕರೆಂಟಿನ ವರ್ಗ. ಕರೆಂಟು ಗುಡ್ಡಗುಡ್ಡವಾಗಿ ಬಂದಾಗ ಅದೇ ಎಳೆತಕ್ಕೆ ಹೆಚ್ಚು ಬಿಸಿ ಹುಟ್ಟುತ್ತದೆ. ಬಿಸಿಯ ಲೆಕ್ಕದ (ಆರ್‌ಎಂಎಸ್) ಕರೆಂಟಿಗೂ ಸರಾಸರಿ ಕರೆಂಟಿಗೂ ಇರುವ ಅನುಪಾತವಾದ ಫಾರ್ಮ್ ಫ್ಯಾಕ್ಟರ್ 1.4 ಆದರೆ ತಾಮ್ರದಲ್ಲಿ ಬಿಸಿ ಹೆಚ್ಚುಕಡಿಮೆ ಎರಡು ಪಟ್ಟು. ಬ್ಯಾಟರಿಯಲ್ಲಿ ತಣ್ಣಗೆ ಓಡುವ ಮೋಟಾರು ಬ್ರಿಡ್ಜಿನಲ್ಲಿ ಕೈಸುಡುವಷ್ಟು ಕಾಯುವುದಕ್ಕೆ ಇದು ಕಾರಣ. ಇನ್ನೊಂದು ಮಾತು: ಹೊರೆ ತೀರಾ ಹಗುರವಾಗಿದ್ದರೆ ಗುಡ್ಡಗಳ ನಡುವೆ ಕರೆಂಟು ಕಡಿದುಹೋಗಿ, ಮೋಟಾರು 207ರ ಲೆಕ್ಕವನ್ನೂ ಮೀರಿ ಓಡಬಲ್ಲದು. ಬರೀ ಬ್ರಿಡ್ಜ್ ಹಾಕಿ ಹೊರೆಯಿಲ್ಲದೆ ಬಿಟ್ಟು ನೋಡುವುದು ಜಾಣತನವಲ್ಲ.

ಮೊದಲ ಅರ್ಧ ಸೆಕೆಂಡು

ತಿರುಗುವ ಡಿಸಿ ಮೋಟಾರು ಅದೇ ಹೊತ್ತಿನಲ್ಲಿ ಜನರೇಟರೂ ಹೌದು. ತನಗೆ ಬರುವ ವೋಲ್ಟೇಜಿಗೆ ಎದುರಾಗಿ ತಾನೂ ವೋಲ್ಟೇಜು ಹುಟ್ಟಿಸುತ್ತದೆ. ಅದನ್ನು ಬ್ಯಾಕ್ ಇಎಂಎಫ್ ಎನ್ನುತ್ತಾರೆ. ಒಂದು ಅಶ್ವಶಕ್ತಿಯ 180 ವೋಲ್ಟಿನ ಮೋಟಾರಿನ ಆರ್ಮೇಚರ್ ರೋಧ 2 ಓಂ ಎಂದಿಟ್ಟುಕೊಳ್ಳಿ. ಪೂರ್ತಿ ವೇಗದಲ್ಲಿ ಅದು 170 ವೋಲ್ಟನ್ನು ಎದುರು ಒಡ್ಡುತ್ತದೆ. ಉಳಿದ 10 ವೋಲ್ಟು 2 ಓಮಿನಲ್ಲಿ 5 ಆಂಪನ್ನು ಹರಿಸುತ್ತದೆ. ಎಲ್ಲ ಸುಸೂತ್ರ. ಸ್ವಿಚ್ ಒತ್ತಿದ ಕ್ಷಣ ಮೋಟಾರು ಇನ್ನೂ ನಿಂತೇ ಇರುತ್ತದೆ, ಎದುರು ವೋಲ್ಟೇಜು ಸೊನ್ನೆ. ಆಗ 180ನ್ನು 2ರಿಂದ ಭಾಗಿಸಬೇಕು: 90 ಆಂಪ್. ಫ್ಯೂಸು ಹಾರಬಹುದು, ಬ್ರಿಡ್ಜ್ ಸಿಡಿಯಬಹುದು. ಇವೆರಡೂ ಉಳಿದರೂ ಅಷ್ಟು ಕರೆಂಟಿನ ಕಾಂತಕ್ಷೇತ್ರ ಫೆರೈಟ್ ಅಯಸ್ಕಾಂತಗಳ ಶಕ್ತಿಯನ್ನು ಶಾಶ್ವತವಾಗಿ ಕುಗ್ಗಿಸಬಹುದು. ಅಂಥ ಮೋಟಾರು ಆಮೇಲೆ ಖಾಲಿ ಓಡುವಾಗ ಮೊದಲಿಗಿಂತ ಜೋರು, ಹೊರೆ ಹೊರುವಾಗ ಮೊದಲಿಗಿಂತ ನಿಶ್ಶಕ್ತ.

ಆದ್ದರಿಂದ ವೋಲ್ಟೇಜನ್ನು ಸೊನ್ನೆಯಿಂದ ಮೆಲ್ಲಗೆ ಏರಿಸಬೇಕು. ಇಂಜಿನಿಯರಿಂಗ್ ಕಾಲೇಜಿನ ಲ್ಯಾಬುಗಳಲ್ಲಿ ಇದಕ್ಕೆ ಡಿಮ್ಮರ್‌ಸ್ಟಾಟ್ ಇರುತ್ತದೆ. ಅದರ ಗುಂಡಿಯನ್ನು ತಿರುಗಿಸುತ್ತಾ 200 ವೋಲ್ಟ್ ಎಸಿಗೆ ತಂದರೆ ಬ್ರಿಡ್ಜಿನ ಆಚೆ ಸರಾಸರಿ 180 ಸಿಗುತ್ತದೆ. ರಿವೈಂಡಿಂಗ್ ಅಂಗಡಿಯವರ ಉಪಾಯ ಇನ್ನೂ ಸರಳ: ಸೀರೀಸ್ ಲ್ಯಾಂಪು. ನೂರು ವಾಟಿನ ಹಳೆಯ ಬಲ್ಬನ್ನು ಸೀರೀಸಿನಲ್ಲಿ ಹಾಕಿದರೆ ಮೋಟಾರು ಶಾರ್ಟ್ ಆಗಿದ್ದರೂ ಅರ್ಧ ಆಂಪಿಗಿಂತ ಹೆಚ್ಚು ಹರಿಯುವುದಿಲ್ಲ. ಬಲ್ಬು ಪೂರ್ತಿ ಉರಿದರೆ ಮೋಟಾರು ಕೆಟ್ಟಿದೆಯೆಂದೋ ಸಿಕ್ಕಿಕೊಂಡಿದೆಯೆಂದೋ ತಿಳಿಯುತ್ತದೆ. ಗುಜರಿಯಿಂದ ತಂದ ಮೋಟಾರನ್ನು ಮೊದಲ ಬಾರಿ ಓಡಿಸುವಾಗ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಎರಡೂವರೆ ಮಿಲಿಸೆಕೆಂಡಿನ ಯಜಮಾನ

ದಿನವೂ ದುಡಿಯುವ ಯಂತ್ರಕ್ಕೆ ಡಿಮ್ಮರ್‌ಸ್ಟಾಟು, ಸೀರೀಸ್ ಲ್ಯಾಂಪು ಸಾಲವು. ಅಲ್ಲಿ ಬ್ರಿಡ್ಜಿನ ಎರಡು ಡಯೋಡುಗಳ ಜಾಗದಲ್ಲಿ ಥೈರಿಸ್ಟರುಗಳು ಕೂರುತ್ತವೆ. ಡಯೋಡ್ ವೋಲ್ಟೇಜು ಬಂದೊಡನೆ ದಾರಿ ಬಿಡುತ್ತದೆ. ಥೈರಿಸ್ಟರ್ ಅಪ್ಪಣೆ ಸಿಗುವವರೆಗೆ ಕಾಯುತ್ತದೆ. ನಮ್ಮ ಎಸಿಯ ಒಂದು ಅರ್ಧ ಅಲೆಗೆ 10 ಮಿಲಿಸೆಕೆಂಡು. ಅಲೆ ಸೊನ್ನೆಯಿಂದ ಎದ್ದ ಮೇಲೆ ಸುಮಾರು 2.4 ಮಿಲಿಸೆಕೆಂಡು ತಡೆದು ಅಪ್ಪಣೆ ಕೊಟ್ಟರೆ, ಕರೆಂಟು ಕಡಿಯದೆ ಹರಿಯುತ್ತಿರುವ ಲೆಕ್ಕದಲ್ಲಿ, ಸರಾಸರಿ 207ರಿಂದ 180ಕ್ಕೆ ಇಳಿಯುತ್ತದೆ. ಸುಮಾರು 5.4 ಮಿಲಿಸೆಕೆಂಡು ತಡೆದರೆ 90, ಅರ್ಧ ವೇಗ. ಗುಂಡಿ ತಿರುಗಿಸುವುದೆಂದರೆ ಈ ಕಾಯುವ ಹೊತ್ತನ್ನು ಹೆಚ್ಚುಕಡಿಮೆ ಮಾಡುವುದು. ಇತ್ತೀಚಿನ ಟ್ರೆಡ್‌ಮಿಲ್ ಬೋರ್ಡುಗಳಲ್ಲಿ ಇನ್ನೊಂದು ಕ್ರಮವಿದೆ: ಮೊದಲು ಕೆಪಾಸಿಟರಿನಿಂದ 325 ವೋಲ್ಟ್ ಮಾಡಿಕೊಂಡು, ಆಮೇಲೆ ಟ್ರಾನ್ಸಿಸ್ಟರೊಂದು ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕೊಡುತ್ತದೆ. ಶೇ. 55ರಷ್ಟು ಹೊತ್ತು ತೆರೆದಿಟ್ಟರೆ ಸರಾಸರಿ 180. ಇಲ್ಲಿ ಕೆಪಾಸಿಟರ್ ಇರಬಹುದು, ಏಕೆಂದರೆ ಅದರ ಮುಂದೆ ಕತ್ತರಿ ಕೂತಿದೆ. ಕತ್ತರಿಯಿಲ್ಲದ ಕೆಪಾಸಿಟರೇ ಅಪಾಯ.

ಫ್ಯಾನಿನ ರೆಗ್ಯುಲೇಟರನ್ನೋ ಅಂತರ್ಜಾಲದಲ್ಲಿ ಸಿಗುವ ಡಿಮ್ಮರ್ ಬೋರ್ಡನ್ನೋ ಬ್ರಿಡ್ಜಿನ ಹಿಂದೆ ಹಾಕಿ ಇದೇ ಕೆಲಸ ಮಾಡಿಸಿಕೊಳ್ಳುವವರಿದ್ದಾರೆ. ಖಾಲಿ ಮೋಟಾರು ಹೇಗೋ ಓಡುತ್ತದೆ. ಅದರ ಕೊರತೆ ಬಯಲಾಗುವುದು ಹೊರೆ ಬಿದ್ದಾಗ. ತಿಗರಿಯನ್ನೇ ತೆಗೆದುಕೊಳ್ಳಿ. ನಿಧಾನ ತಿರುಗಲೆಂದು ಮೋಟಾರಿಗೆ 20 ವೋಲ್ಟು ಕೊಟ್ಟಿದ್ದೀರಿ. ಮಣ್ಣಿನ ಮುದ್ದೆಯ ಮೇಲೆ ಕೈ ಒತ್ತಿದಾಗ ಅದಕ್ಕೆ 5 ಆಂಪ್ ಬೇಕಾಯಿತು. 2 ಓಮಿನ ಆರ್ಮೇಚರಿನಲ್ಲಿ 10 ವೋಲ್ಟು ಕರಗಿಹೋಯಿತು. ವೇಗಕ್ಕೆ ಉಳಿದದ್ದು 10. ತಿಗರಿಯ ವೇಗ ಅರ್ಧಕ್ಕೆ ಕುಸಿಯಿತು, ಮಡಕೆಯ ಗೋಡೆ ಸೊಟ್ಟಗಾಯಿತು. 180 ವೋಲ್ಟಿನಲ್ಲಿ ಓಡುವಾಗ ಅದೇ 10 ವೋಲ್ಟಿನ ನಷ್ಟ ಕಣ್ಣಿಗೇ ಬೀಳುತ್ತಿರಲಿಲ್ಲ. ಒಳ್ಳೆಯ ಡ್ರೈವ್ ಕಾರ್ಡು ಕರೆಂಟನ್ನು ಅಳೆಯುತ್ತಾ, ಹೊರೆ ಬಿದ್ದಷ್ಟೂ ವೋಲ್ಟೇಜನ್ನು ಏರಿಸಿ ಕಳೆದದ್ದನ್ನು ತುಂಬಿಕೊಡುತ್ತದೆ; ಶುರುವಿನ 90 ಆಂಪನ್ನೂ ಮಿತಿಯೊಳಗೆ ಹಿಡಿಯುತ್ತದೆ. ಡಿಮ್ಮರ್ ಬೋರ್ಡಿಗೆ ಈ ಎರಡೂ ಗೊತ್ತಿಲ್ಲ. ಅದರ ಮೇಲೆ 4,000 ವಾಟ್ ಎಂದು ಬರೆದಿದ್ದರೂ ಕೆಳಗಿರುವ ಹೆಬ್ಬೆರಳಿನಷ್ಟು ಹೀಟ್‌ಸಿಂಕ್ ಬೇರೆಯದೇ ಕತೆ ಹೇಳುತ್ತದೆ.

ಒದ್ದೆ ಕೈ

ಇಷ್ಟು ಹೊತ್ತು ಹೇಳಿದ್ದು ಮೋಟಾರು ಉಳಿಯುವ ಮಾತು. ಇನ್ನು ಮನುಷ್ಯ ಉಳಿಯುವ ಮಾತು. ಬ್ರಿಡ್ಜಿನ ಮೈನಸ್ ತಂತಿಯನ್ನು ಬಹಳ ಜನ ನ್ಯೂಟ್ರಲ್ಲಿನಷ್ಟೇ ನಿರುಪದ್ರವಿ ಎಂದುಕೊಳ್ಳುತ್ತಾರೆ. ಅದು ಅರ್ಧ ಅಲೆಯ ಹೊತ್ತು ಮಾತ್ರ ನ್ಯೂಟ್ರಲ್ಲಿಗೆ ಅಂಟಿಕೊಂಡಿರುತ್ತದೆ. ಇನ್ನರ್ಧ ಹೊತ್ತು ಫೇಸಿಗೆ ಅಂಟಿಕೊಂಡು ನೆಲಕ್ಕಿಂತ 325 ವೋಲ್ಟ್ ಕೆಳಗಿಳಿಯುತ್ತದೆ. ಪ್ಲಸ್ ಮುಟ್ಟಿದರೂ ಹೊಡೆಯುತ್ತದೆ, ಮೈನಸ್ ಮುಟ್ಟಿದರೂ ಹೊಡೆಯುತ್ತದೆ. ಡಿಮ್ಮರ್‌ಸ್ಟಾಟ್ ಹಾಕಿದ್ದೇನಲ್ಲ ಎಂದರೆ, ಅದರಲ್ಲಿರುವುದು ಒಂದೇ ಸುರುಳಿ. ಗೋಡೆಯಿಂದ ನಮ್ಮನ್ನು ಅದು ಬೇರ್ಪಡಿಸುವುದಿಲ್ಲ. ಬೇರ್ಪಡಿಸುವುದು ಎರಡು ಪ್ರತ್ಯೇಕ ಸುರುಳಿಗಳ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಮಾತ್ರ. ಒಂದು ಅಶ್ವಶಕ್ತಿಯ ಮೋಟಾರಿಗೆ ಅದು ಬೇಕೆಂದರೆ ತೂಕವೂ ಹೆಚ್ಚು, ಬೆಲೆಯೂ ಹೆಚ್ಚು. ಹಾಗಾಗಿ ಕಾರ್ಖಾನೆಯ ಯಂತ್ರಗಳಲ್ಲೂ ಸಾಮಾನ್ಯವಾಗಿ ಅದನ್ನು ಹಾಕದೆ, ಎಲ್ಲವನ್ನೂ ಮುಚ್ಚಿ, ಮೋಟಾರಿನ ಮೈಗೆ ಗಟ್ಟಿಯಾಗಿ ಅರ್ಥಿಂಗ್ ಕೊಟ್ಟು ಸಂಭಾಳಿಸುತ್ತಾರೆ.

ಸೋರಿಕೆ ಕಂಡರೆ ಕರೆಂಟು ಕಡಿಯುವ ಮನೆಯ ಆರ್‌ಸಿಸಿಬಿ ಕಾಪಾಡೀತೆಂಬ ನಂಬಿಕೆಗೂ ಒಂದು ಷರತ್ತಿದೆ. ಟೈಪ್ ಎಸಿ ಎಂಬ ಅಗ್ಗದ ಮಾದರಿ ಎಸಿ ಸೋರಿಕೆಯನ್ನು ಮಾತ್ರ ಗುರುತಿಸುವಂತೆ ಮಾಡಿದ್ದು. ಗುಡ್ಡದ ಸಾಲಿನಂಥ ಡಿಸಿ ಸೋರಿದರೆ ಅದು ಬೀಳದೇ ಇರಬಹುದು. ಅದಕ್ಕೆ ಕನಿಷ್ಠ ಟೈಪ್ ಎ ಬೇಕು, ನಯವಾದ ಡಿಸಿಗೆ ಟೈಪ್ ಬಿ. ಸ್ವಿಚ್ಚಿನ ಮಾತೂ ಹೀಗೆಯೇ. ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ಸ್ವಿಚ್ಚಿನೊಳಗಿನ ಕಿಡಿ ತಾನಾಗಿ ಆರುತ್ತದೆ. ಡಿಸಿಗೆ ಆ ಸೊನ್ನೆ ಇಲ್ಲ, ಮೋಟಾರಿನ ಸುರುಳಿ ಬೇರೆ ಕರೆಂಟನ್ನು ಮುಂದಕ್ಕೆ ತಳ್ಳುತ್ತಿರುತ್ತದೆ; ಸಾಮಾನ್ಯ ಸ್ವಿಚ್ಚು ಒಳಗೇ ಉರಿದು ಅಂಟಿಕೊಳ್ಳುತ್ತದೆ. ಸ್ವಿಚ್ಚನ್ನು ಬ್ರಿಡ್ಜಿನ ಹಿಂದೆ, ಎಸಿ ಕಡೆಯಲ್ಲೇ ಇಡಬೇಕು. ಮೋಟಾರಿನ ಅಡ್ಡಲಾಗಿ ಹಿಮ್ಮುಖ ಡಯೋಡೊಂದನ್ನು ಹಾಕಿದರೆ ಆರಿಸುವಾಗ ಸುರುಳಿ ಒದೆಯುವ ಒದೆತ ಅದರೊಳಗೇ ಸುತ್ತಿ ಮುಗಿಯುತ್ತದೆ.

ತಿಗರಿಯ ಮುಂದೆ ಕೂರುವವರ ಕೈ ಮೊಣಕೈವರೆಗೆ ಒದ್ದೆ. ಪಕ್ಕದಲ್ಲಿ ನೀರಿನ ಬಟ್ಟಲು, ಕೆಳಗೆ ಹಸಿಮಣ್ಣಿನ ನೆಲ. ಬೆಳಗಾವಿ ಜಿಲ್ಲೆಯ ಖಾನಾಪುರದಂಥ ಕುಂಬಾರಿಕೆಯ ನೆಲೆಗಳಲ್ಲಿ ಈಗ ವಿದ್ಯುತ್ ತಿಗರಿ ಹೊಸದೇನಲ್ಲ. ಕಾರ್ಖಾನೆಯಲ್ಲಿ ತಯಾರಾಗಿ ಬಂದ ತಿಗರಿಗೆ ಕವಚ, ಅರ್ಥಿಂಗ್, ಸೀಲ್ ಎಲ್ಲ ಇರುತ್ತವೆ. ಮನೆಯಲ್ಲಿ ಕಟ್ಟಿಕೊಂಡದ್ದಕ್ಕೆ ಇವ್ಯಾವುವೂ ತಾವಾಗಿ ಬರುವುದಿಲ್ಲ. ಗೋಡೆಗೆ ನೇರ ಅಂಟಿದ 180 ವೋಲ್ಟಿನ ಮೋಟಾರನ್ನು ಒದ್ದೆ ಕೈಯ ಹತ್ತಿರ ಇಡುವುದು ಕೌಶಲವಲ್ಲ, ಹಟ.

ಅಂಥ ಕಡೆಗೆ 24 ವೋಲ್ಟಿನ ಮೋಟಾರೇ ತಕ್ಕದ್ದು. ಟ್ರಾನ್ಸ್‌ಫಾರ್ಮರೋ ಒಳ್ಳೆಯ ಎಸ್‌ಎಂಪಿಎಸ್ಸೋ (ಸ್ವಿಚ್ ಮೋಡ್ ಪವರ್ ಸಪ್ಲೈ) ಗೋಡೆಯಿಂದ ನಿಮ್ಮನ್ನು ಬೇರ್ಪಡಿಸುತ್ತದೆ. ಕೈಗೆ ಸಿಗುವ ತಂತಿಯಲ್ಲಿ ಇರುವುದು 24 ವೋಲ್ಟ್. 250 ವಾಟಿನ ತಿಗರಿಗೆ ಓಡುವಾಗ 10 ಆಂಪ್ ಚಿಲ್ಲರೆ ಬೇಕು, ಶುರುವಿನಲ್ಲಿ ಅದರ ಹಲವು ಪಟ್ಟು. 10 ಆಂಪಿನ ಎಸ್‌ಎಂಪಿಎಸ್ ತಂದರೆ ಮೋಟಾರು ಹೊರಡುವ ಮೊದಲೇ ಅದು ಕೈಚೆಲ್ಲಿ, ಮತ್ತೆ ಎದ್ದು, ಮತ್ತೆ ಕೈಚೆಲ್ಲುತ್ತಾ ಕೂರುತ್ತದೆ. ಅದರ ಮುಂದೆ ಕರೆಂಟಿಗೆ ಮಿತಿ ಹಾಕುವ ಸ್ಪೀಡ್ ಕಂಟ್ರೋಲರ್ ಬೇಕು, ಎಸ್‌ಎಂಪಿಎಸ್ಸಿನ ಅಳತೆಯೂ ಒಂದೂವರೆ ಎರಡು ಪಟ್ಟು ಧಾರಾಳವಾಗಿರಬೇಕು. ಕೆಲವು ಅಗ್ಗದ ಎಲ್‌ಇಡಿ ಬಲ್ಬುಗಳೊಳಗೆ ಇರುವಂತೆ ಒಂದು ಕೆಪಾಸಿಟರಿನಿಂದಲೇ ವೋಲ್ಟೇಜು ಇಳಿಸಿ ಮೋಟಾರು ಓಡಿಸುವ ಸಲಹೆಯೂ ಕೇಳಿಬರುತ್ತದೆ. ಒಂದು ಮೈಕ್ರೋಫ್ಯಾರಡಿನ ಕೆಪಾಸಿಟರ್ ನಮ್ಮ ಪ್ಲಗ್ಗಿನಿಂದ ದಾಟಿಸುವುದು 72 ಮಿಲಿಆಂಪ್ ಮಾತ್ರ, ಗೋಡೆಯಿಂದ ಬೇರ್ಪಡಿಸುವುದಂತೂ ಇಲ್ಲವೇ ಇಲ್ಲ. ಆ ದಾರಿ ಮೋಟಾರಿಗಲ್ಲ.

ಮನೆಮನೆಯೊಳಗೆ ಬಂದ ಡಿಸಿ

ಇದೆಲ್ಲ ಹವ್ಯಾಸಿಗಳ ತಲೆನೋವು ಎಂದು ಬದಿಗಿಡುವ ಹಾಗಿಲ್ಲ. 2011ರ ಅಕ್ಟೋಬರಿನಲ್ಲಿ ಓಡಾಟ ಶುರುಮಾಡಿದ ನಮ್ಮ ಮೆಟ್ರೋ ಹಳಿಯ ಪಕ್ಕದ ಮೂರನೇ ಹಳಿಯಿಂದ ಎಳೆದುಕೊಳ್ಳುವುದು 750 ವೋಲ್ಟ್ ಡಿಸಿ. ಎಸಿಯಾಗಿ ಬಂದ ವಿದ್ಯುತ್ತು ದಾರಿಯುದ್ದದ ಸಬ್‌ಸ್ಟೇಷನ್ನುಗಳಲ್ಲಿ ಡಿಸಿಯಾಗಿ, ರೈಲಿನೊಳಗೆ ಇನ್ವರ್ಟರಿನಲ್ಲಿ ಮತ್ತೆ ಬೇಕಾದ ಆವರ್ತನದ ಎಸಿಯಾಗಿ ಮೋಟಾರನ್ನು ಸೇರುತ್ತದೆ. ಮನೆಯ ಬಿಎಲ್‌ಡಿಸಿ, ಅಂದರೆ ಬ್ರಷ್ಷಿಲ್ಲದ ಡಿಸಿ ಮೋಟಾರಿನ, ಫ್ಯಾನಿನಲ್ಲೂ ಇದೇ ಸರಣಿ: ಬ್ರಿಡ್ಜ್, ಕೆಪಾಸಿಟರ್, ವೋಲ್ಟೇಜು ಇಳಿಸುವ ಎಸ್‌ಎಂಪಿಎಸ್, ಅದರ ಮುಂದೆ ಬ್ರಷ್ಷಿನ ಕೆಲಸವನ್ನು ಮಾಡುವ ಟ್ರಾನ್ಸಿಸ್ಟರುಗಳು. ಹಳೆಯ ಫ್ಯಾನು 75 ವಾಟ್ ತಿನ್ನುತ್ತಿದ್ದ ಕಡೆ ಇದು 28ರಿಂದ 35 ವಾಟಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೆ ಸ್ಟಾರ್ ಲೇಬಲ್ ಕಡ್ಡಾಯವಾದ ಮೇಲೆ ಇವು ಹಳ್ಳಿಯ ಅಂಗಡಿಗೂ ಬಂದಿವೆ. ಇನ್ವರ್ಟರ್ ಏಸಿ, ಇನ್ವರ್ಟರ್ ಫ್ರಿಜ್ಜು, ಹೊಸ ವಾಷಿಂಗ್ ಮೆಷಿನ್ನು ಎಲ್ಲದರ ಒಳಗೂ ಗೋಡೆಯ ಎಸಿ ಮೊದಲು ಡಿಸಿಯಾಗುತ್ತದೆ.

ಇದರಿಂದ ರಿಪೇರಿಯ ಲೆಕ್ಕವೂ ಬದಲಾಗಿದೆ. ಹಳೆಯ ಫ್ಯಾನು ನಿಂತರೆ ಕಂಡೆನ್ಸರ್ ಬದಲಿಸು, ಇಲ್ಲವೇ ರಿವೈಂಡ್ ಮಾಡು ಎಂಬಲ್ಲಿಗೆ ಮುಗಿಯುತ್ತಿತ್ತು. ಹೊಸ ಫ್ಯಾನು ನಿಂತರೆ ಮೋಟಾರು ಬಹುತೇಕ ಸರಿಯಾಗಿಯೇ ಇರುತ್ತದೆ. ಕೈಕೊಟ್ಟಿರುವುದು ಡಿಸಿ ಮಾಡುವ ಬೋರ್ಡು. ಆ ಬೋರ್ಡಿನ 325 ವೋಲ್ಟಿನ ಕೆಪಾಸಿಟರ್, ಬ್ರಿಡ್ಜು, ಕತ್ತರಿಸುವ ಟ್ರಾನ್ಸಿಸ್ಟರ್ ಇವುಗಳನ್ನು ಓದಬಲ್ಲ ಮೆಕ್ಯಾನಿಕ್ಕಿಗೆ ಮುಂದಿನ ದಿನಗಳಲ್ಲಿ ಕೆಲಸಕ್ಕೆ ಕೊರತೆಯಿಲ್ಲ. ಐಟಿಐ, ಪಾಲಿಟೆಕ್ನಿಕ್ಕುಗಳ ಲ್ಯಾಬಿನಲ್ಲಿ ಇಂದಿಗೂ ರೆಕ್ಟಿಫೈಯರಿನ ಪ್ರಯೋಗವೆಂದರೆ ಸಾಮಾನ್ಯವಾಗಿ ಒಂದು ರೋಧಕವನ್ನು ಹೊರೆಯಾಗಿಟ್ಟು ಗ್ರಾಫ್ ಬರೆಯುವುದು. ರೋಧಕ ಏನು ಕೊಟ್ಟರೂ ತೆಗೆದುಕೊಳ್ಳುತ್ತದೆ. ಎದುರು ವೋಲ್ಟೇಜು ಹುಟ್ಟಿಸುವ, ಶುರುವಿನಲ್ಲಿ ಹದಿನೆಂಟು ಪಟ್ಟು ಕರೆಂಟು ಬೇಡುವ, ಆರಿಸಿದಾಗ ಒದೆಯುವ ಮೋಟಾರನ್ನು ಹೊರೆಯಾಗಿಟ್ಟು ಅದೇ ಪ್ರಯೋಗವನ್ನು ಮಾಡಿಸಿದರೆ ಹುಡುಗರು ಹೊರಗೆ ಬಂದು ಬ್ರಿಡ್ಜ್ ಸಿಡಿಸಿಕೊಂಡು ಕಲಿಯುವುದು ತಪ್ಪುತ್ತದೆ.

ಕೈಯಲ್ಲಿ ಮೋಟಾರು ಹಿಡಿದು ಕೂತವರು ಡಯೋಡ್ ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಲಿ. ನೇಮ್ ಪ್ಲೇಟು ಬೇಡುತ್ತಿರುವ ವೋಲ್ಟೇಜು ಎಷ್ಟು? ನಿಂತಲ್ಲಿಂದ ಹೊರಡುವಾಗಿನ ಕರೆಂಟನ್ನು ತಡೆಯುವವರು ಯಾರು? ಯಂತ್ರದ ಹತ್ತಿರ ಬರುವ ಕೈ ಒಣಗಿದ್ದೋ ಒದ್ದೆಯೋ? ಒಣ ಕೈಯ, ಮುಚ್ಚಿದ ಕವಚದ, ಅರ್ಥಿಂಗ್ ಇರುವ ಲೇತಿಗೆ 180 ವೋಲ್ಟಿನ ಮೋಟಾರು ಒಳ್ಳೆಯ ಆಳು, ಸರಿಯಾದ ಡ್ರೈವ್ ಕಾರ್ಡಿನ ಜತೆಗೆ. ಒದ್ದೆ ಕೈಯ ಕೆಲಸಕ್ಕಾದರೆ ಅದು ಪುಕ್ಕಟೆ ಸಿಕ್ಕಿದರೂ ಬೇರೆಯವರಿಗೆ ಮಾರಿ, ಬಂದ ದುಡ್ಡಿಗೆ ಒಂದಷ್ಟು ಸೇರಿಸಿ 24 ವೋಲ್ಟಿನದನ್ನು ತರುವುದೇ ಲಾಭ.